ವಯಸ್ಸಾಯಿತು ಎಂಬ ಮಾತು

ನಮ್ಮ ಮನೆಗಳಲ್ಲಿ ದಿನಕ್ಕೆ ಒಮ್ಮೆಯಾದರೂ ಕಿವಿಗೆ ಬೀಳುವ ಮಾತು ಒಂದುಂಟು. ಅಜ್ಜನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ವಯಸ್ಸಾಯಿತು. ಅಜ್ಜಿಯನ್ನು ಕರೆದರೆ ಕೇಳಿಸುವುದಿಲ್ಲ, ವಯಸ್ಸಾಯಿತು. ದೊಡ್ಡಪ್ಪನವರಿಗೆ ಕಾಲು ಜೋಮು ಹಿಡಿಯುತ್ತದೆ, ಸೋದರತ್ತೆಗೆ ಕಣ್ಣು ಮಂಜಾಗಿದೆ, ಪಕ್ಕದ ಮನೆಯ ಹಿರಿಯರು ನಿನ್ನೆ ಆಡಿದ ಮಾತನ್ನು ಇಂದು ಮರೆಯುತ್ತಾರೆ. ಎಲ್ಲಕ್ಕೂ ಒಂದೇ ಸಮಾಧಾನ: ವಯಸ್ಸಾಯಿತು. ಹೀಗೆ ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಹಿರಿಯರು ಕೂಡ ತಮ್ಮ ವಿಷಯದಲ್ಲಿ ತಾವೇ ಈ ಮಾತನ್ನು ಆಡಿಕೊಳ್ಳುತ್ತಾರೆ. ಆದರೂ, ಅರವತ್ತು ದಾಟಿರುವ ನನಗೆ ಈಗೀಗ ಇದನ್ನು ಕೇಳಿದರೆ ಅಂಜಿಕೆಯಾಗುತ್ತದೆ. ಅದು ಉತ್ತರದಂತೆ ತೋರುತ್ತದೆ. ಅದನ್ನು ಆಡಿದ ಮೇಲೆ ಯಾರೂ ಮುಂದಿನ ಪ್ರಶ್ನೆಯನ್ನು ಕೇಳುವುದಿಲ್ಲ.

ನಮ್ಮ ತಾಯಿಯವರ ವಿಷಯದಲ್ಲಿ ನಾವು ಮಾಡಿದ್ದೂ ಅದನ್ನೇ. ಅವರು ಮೈಸೂರಿನ ಹಳೆಯ ಮೊಹಲ್ಲಾವೊಂದರ ಹೆಂಚಿನ ಮನೆಯಲ್ಲಿ ಬಾಳಿದವರು. ಓದೆಂದರೆ ಅವರಿಗೆ ಬಹಳ ಇಷ್ಟ. ಮಧ್ಯಾಹ್ನದ ಊಟದ ಕೆಲಸ ಮುಗಿಸಿ, ಕಾದಂಬರಿಯೊಂದನ್ನು ಹಿಡಿದು ಹಜಾರದ ಕಂಬಕ್ಕೆ ಒರಗಿ ಕುಳಿತರೆ ದೀಪ ಹಚ್ಚುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಆ ಅಭ್ಯಾಸ ತಾನಾಗಿಯೇ ನಿಂತಿತು. "ಓದಿದ್ದು ಸಾಕಪ್ಪ, ಇನ್ನು ಜಪ ಮಾಡಿಕೊಂಡಿರುತ್ತೇನೆ" ಎಂದರು. ನಾವು ನಂಬಿದೆವು. ಅಕ್ಕಿ ಆರಿಸುವಾಗ ಮೊರದ ಕಡೆ ನೋಡದೆ ಬೆರಳ ತುದಿಯಿಂದಲೇ ಕಲ್ಲನ್ನು ಹೆಕ್ಕಿ ತೆಗೆಯುತ್ತಿದ್ದರು. ನುರಿತ ಕೈ ಎಂದು ಮೆಚ್ಚಿಕೊಂಡೆವು. ಬೀದಿಯಲ್ಲಿ ಹೋಗುವವರ ಗುರುತು ಹಿಡಿಯದೆ ಹೋದರೆ, ವಯಸ್ಸಾಯಿತು ಎಂದೆವು. ಒಂದು ದಿನ ಬೆಳಗಿನ ಜಾವ ಬಚ್ಚಲುಮನೆಯ ಮೆಟ್ಟಿಲು ಕಾಣದೆ ಎಡವಿ ಬಿದ್ದರು. ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು.

ಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ಅವರು ಮತ್ತೆ ತಾವಾಗಿ ನಡೆಯಲಿಲ್ಲ. ಹಾಸಿಗೆ ಹಿಡಿದಿದ್ದಾಗ ಕಣ್ಣಿನ ವೈದ್ಯರು ಪರೀಕ್ಷಿಸಿ, ಎರಡು ಕಣ್ಣುಗಳಲ್ಲಿಯೂ ಪೊರೆ ಬಲಿತಿದೆ ಎಂದರು. ಒಂದು ಕಣ್ಣಿನ ಪೊರೆಯನ್ನು ತೆಗೆಸಿದೆವು. ಪಟ್ಟಿ ಬಿಚ್ಚಿ ಮನೆಗೆ ಕರೆತಂದ ದಿನ, ಮಲಗಿದಲ್ಲಿಂದಲೇ ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಈ ಗೋಡೆಗೆ ಸುಣ್ಣ ಹೊಡೆಸಿ ಎಷ್ಟು ವರ್ಷವಾಯಿತೋ! ಒಬ್ಬರೂ ಹೇಳಲಿಲ್ಲವಲ್ಲ" ಎಂದರು. ನಾವೆಲ್ಲರೂ ನಕ್ಕೆವು. ನಕ್ಕ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡಲಾಗಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿದ ಆ ಚಿಕಿತ್ಸೆಯನ್ನು ಮೂರು ವರ್ಷ ಮುಂಚೆಯೇ ಮಾಡಿಸಬಹುದಾಗಿತ್ತು. ಹನ್ನೊಂದು ತಿಂಗಳು ಮಲಗಿದ್ದು ಅವರು ತೀರಿಕೊಂಡರು. ಮೂವತ್ತು ವರ್ಷಕಾಲ ಶಾಲೆಯ ಮಕ್ಕಳಿಂದ 'ಆರೋಗ್ಯವೇ ಭಾಗ್ಯ' ಎಂಬ ಪ್ರಬಂಧವನ್ನು ಬರೆಯಿಸಿ, ತಿದ್ದಿ, ಅಂಕ ಕೊಟ್ಟವನು ನಾನು. ನನ್ನ ಮನೆಯ ಮೊರದ ಮುಂದೆ ನಡೆಯುತ್ತಿದ್ದುದು ನನಗೆ ಕಾಣಲಿಲ್ಲ.

ಮುಪ್ಪು ಬೇರೆ, ಮುಪ್ಪಿನಲ್ಲಿ ಬರುವ ರೋಗ ಬೇರೆ. ಕೂದಲು ನರೆಯುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ನಡಿಗೆ ನಿಧಾನವಾಗುತ್ತದೆ, ಗಾಯ ಮಾಯಲು ಎರಡು ದಿನ ಹೆಚ್ಚು ಹಿಡಿಯುತ್ತದೆ. ಇವು ಬದುಕಿನ ಸಹಜವಾದ ಇಳಿಹೊತ್ತಿನ ಗುರುತುಗಳು. ಪಾರ್ಶ್ವವಾಯು, ಹೃದಯಾಘಾತ, ಮಧುಮೇಹದಿಂದ ಕಾಲನ್ನು ಕಳೆದುಕೊಳ್ಳುವುದು, ಬಿದ್ದು ಮೂಳೆ ಮುರಿದುಕೊಳ್ಳುವುದು ಇವು ಈ ಪಟ್ಟಿಗೆ ಸೇರಿದವಲ್ಲ. ಇವು ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುತ್ತವೆ, ನಿಜ, ವಯಸ್ಸಾದವರೆಲ್ಲರಲ್ಲಿಯೂ ಕಾಣುವುದಿಲ್ಲ. ಒಂದೇ ಬೀದಿಯಲ್ಲಿ ಒಂದೇ ವರ್ಷ ಹುಟ್ಟಿದ ಇಬ್ಬರಲ್ಲಿ ಒಬ್ಬರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತುತ್ತಾರೆ. ಇನ್ನೊಬ್ಬರು ಮಂಚದಿಂದ ಇಳಿಯಲಾರರು. ಇಬ್ಬರ ವಯಸ್ಸೂ ಒಂದೇ ಆಗಿರುವಾಗ, ಆ ಅಂತರಕ್ಕೆ ವಯಸ್ಸೇ ಕಾರಣವೆಂದು ಹೇಳುವುದು ಹೇಗೆ?

ಮುಪ್ಪಿನಲ್ಲಿ ಕಳೆದುಹೋದ ಬಲ ಮತ್ತೆ ಬಾರದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಮಾಡಿಸಿದರು. ೧೯೯೦ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ವ್ಯಾಯಾಮವನ್ನು ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮಿಕ್ಕು ಹೆಚ್ಚಿತ್ತು. ಅವರಿಗೆ ಯೌವನವೇನೂ ಮರಳಿ ಬರಲಿಲ್ಲ. ಆದರೆ ಕುರ್ಚಿಯಿಂದ ತಾನೇ ಏಳಬಲ್ಲವನಿಗೂ ಎಬ್ಬಿಸುವವರಿಗಾಗಿ ಕಾಯಬೇಕಾದವನಿಗೂ ಇರುವ ಅಂತರ ಎಷ್ಟೆಂಬುದನ್ನು ಕಾದವರೇ ಬಲ್ಲರು.

ಹಾಗಾದರೆ ತಡೆಯಬಹುದಾದುದು ಯಾವುದು, ತಡೆಯುವುದು ಹೇಗೆ? ಮೊದಲನೆಯದಾಗಿ ರಕ್ತದೊತ್ತಡವನ್ನು ತೆಗೆದುಕೊಳ್ಳಬಹುದು. ಇದಕ್ಕೆ ನೋವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳ ಗೋಡೆಯನ್ನು ಒತ್ತಿ ಒತ್ತಿ ಕೆಡಿಸಿ, ಒಂದು ದಿನ ಮಿದುಳಿನಲ್ಲಿಯೋ ಹೃದಯದಲ್ಲಿಯೋ ಮೂತ್ರಪಿಂಡದಲ್ಲಿಯೋ ತನ್ನ ಕೆಲಸವನ್ನು ತೋರಿಸುತ್ತದೆ. ಅಳೆದಲ್ಲದೆ ಅದರ ಇರವು ತಿಳಿಯದು; ಅಳೆಯಲು ಐದು ನಿಮಿಷ ಸಾಕು. ದಿನಕ್ಕೆ ಒಂದು ಚಹಾ ಚಮಚೆಯಷ್ಟು, ಎಂದರೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಹುಳಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಖಾರದ ತಿಂಡಿ ಇವೆಲ್ಲವೂ ಕೂಡಿದ ನಮ್ಮ ಊಟದಲ್ಲಿ ಆ ಚಮಚೆ ಎಷ್ಟು ಬೇಗ ತುಂಬಿ ತುಳುಕುತ್ತದೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಲೆಕ್ಕ ಹಾಕಿ ನೋಡಬಹುದು. ಎಲೆ ಅಡಿಕೆಯ ಜೊತೆಗೆ ಹೊಗೆಸೊಪ್ಪು, ಬೀಡಿ, ಸಿಗರೇಟು ಇವನ್ನು ಬಿಟ್ಟರೆ ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು.

ಎರಡನೆಯದು ಕಣ್ಣು ಮತ್ತು ಕಿವಿ. ಕಣ್ಣಿನ ಪೊರೆಯಿಂದ ಬರುವ ಕುರುಡನ್ನು ನೀಗುವುದಕ್ಕಾಗಿ ನಮ್ಮ ದೇಶದಲ್ಲಿ ೧೯೭೬ರಿಂದಲೇ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವಿದೆ. ಕಿವಿಯ ವಿಷಯದಲ್ಲಂತೂ ಮೈಸೂರಿನವರು ಭಾಗ್ಯವಂತರು. ೧೯೬೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲಿಯೇ ಇದೆ. ದೂರದ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ಊರಿನಲ್ಲಿಯೇ ಇರುವ ನಾವು, ಅಜ್ಜಿಗೆ ಕಿವಿ ಮಂದವಾದರೆ, ದನಿ ಏರಿಸಿ ಕೂಗುತ್ತೇವೆ. ಸ್ವಲ್ಪ ದಿನಗಳ ಮೇಲೆ ಕೂಗುವುದನ್ನೂ ಬಿಡುತ್ತೇವೆ. ಮಾತು ಕೇಳದವರು ಮಾತಿನಿಂದ ಹಿಂದೆ ಸರಿಯುತ್ತಾರೆ. ಮಾತಿಲ್ಲದ ಮನಸ್ಸು ಮೆಲ್ಲನೆ ಮಂಕಾಗುತ್ತದೆ. ೨೦೨೪ರಲ್ಲಿ ಹಲವು ದೇಶಗಳ ತಜ್ಞರ ಮಂಡಲಿಯೊಂದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಪ್ರಪಂಚದಲ್ಲಿನ ಮರೆವಿನ ರೋಗದ ಸುಮಾರು ಶೇಕಡಾ ೪೫ ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಭಿಪ್ರಾಯ. ಆ ಕಾರಣಗಳಲ್ಲಿ ಕಿವುಡುತನ, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ಹೊಗೆಬತ್ತಿ, ಒಂಟಿತನ ಇವೆಲ್ಲವೂ ಸೇರಿವೆ. ಎಳವೆಯಲ್ಲಿ ಸಾಕಷ್ಟು ವಿದ್ಯೆ ದೊರೆಯದಿರುವುದೂ ಸೇರಿದೆ.

ಈ ಕಡೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಎಪ್ಪತ್ತರಲ್ಲಿ ಬರುವ ರೋಗಕ್ಕೂ ಏಳರಲ್ಲಿ ಕಲಿತ ಅಕ್ಷರಕ್ಕೂ ಸಂಬಂಧವುಂಟೆಂದರೆ, ಮುಪ್ಪಿನ ಆರೋಗ್ಯವು ಮುದುಕರ ವಿಷಯ ಮಾತ್ರವಲ್ಲ. ಈ ಸತ್ಯದ ಒಂದು ಮುಖವನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ನಮ್ಮ ಮೈಸೂರೇ ಎಂಬುದು ಊರಿನವರಲ್ಲಿಯೇ ಅನೇಕರಿಗೆ ತಿಳಿಯದು.

ಮಂಡಿ ಮೊಹಲ್ಲಾದಲ್ಲಿ ಜನರು 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ೧೯೩೪ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು ಅಳೆದು ದಫ್ತರಗಳಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದರಿಂದ ಮುಂದೆ ಏನಾದೀತೆಂಬುದು ಗೊತ್ತಿರಲಾರದು. ಕೆಲಸವನ್ನು ಕ್ರಮವಾಗಿ ಮಾಡಬೇಕೆಂಬ ಶಿಸ್ತಿನಿಂದ ಬರೆದರು. ಆ ದಫ್ತರಗಳು ಉಳಿದುಬಂದವು. ಅರ್ಧ ಶತಮಾನಕ್ಕೂ ಮಿಕ್ಕು ಕಾಲ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಆಸ್ಪತ್ರೆಯವರೂ ಕೂಡಿ, ೧೯೩೪ ಮತ್ತು ೧೯೫೪ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲಿಯೇ ನೆಲೆಸಿದ್ದ ೫೧೭ ಮಂದಿ ಗಂಡಸರನ್ನೂ ಹೆಂಗಸರನ್ನೂ ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ರಕ್ತನಾಳಗಳ ರೋಗ ಹೆಚ್ಚಾಗಿ ಕಂಡುಬಂದಿತು. ಕೂಸಿನ ತೂಕದೊಡನೆ ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ಅದು ಇನ್ನೂ ಹೆಚ್ಚು. ೧೯೯೬ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪ್ರಪಂಚದ ವೈದ್ಯವಿಜ್ಞಾನಿಗಳು ಗಮನಿಸಿದರು. ಮುಂದೆ ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಳ ಕಾಲ ಗಮನಿಸುವ ಇನ್ನೊಂದು ಅಧ್ಯಯನವೂ ನಡೆಯಿತು.

ಹುಟ್ಟಿನ ತೂಕವೇ ಹಣೆಯ ಬರಹವೆಂದು ಇದರಿಂದ ತಿಳಿಯಬಾರದು. ಚಿಕ್ಕ ಕೂಸಾಗಿ ಹುಟ್ಟಿದ ಎಷ್ಟೋ ಮಂದಿ ಗಟ್ಟಿಮುಟ್ಟಾಗಿ ಬಾಳಿದ್ದಾರೆ. ಮುಂದಿನ ಆಹಾರ, ದುಡಿಮೆ, ಅಭ್ಯಾಸಗಳು ಆ ಬರಹವನ್ನು ತಿದ್ದುತ್ತವೆ. ಆದರೆ ಮುಪ್ಪಿನ ಹೃದ್ರೋಗದ ಬೇರು ತಾಯಿಯ ತಟ್ಟೆಯವರೆಗೂ ಇಳಿದಿರಬಹುದು ಎಂಬ ತಿಳಿವಳಿಕೆ ನಮ್ಮ ಮನೆಗಳನ್ನು ಎಚ್ಚರಿಸಬೇಕು. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಣ್ಣುವ ಹೆಣ್ಣುಮಗಳು ನಮ್ಮಲ್ಲಿ ತ್ಯಾಗಕ್ಕೆ ಮಾದರಿ. ಆ ತ್ಯಾಗದ ಬೆಲೆಯನ್ನು ಐವತ್ತು ವರ್ಷಗಳ ಮೇಲೆ ಆಕೆಯ ಮಕ್ಕಳು ತೆರಬೇಕಾದೀತು. ಆಕೆಯೂ ತೆರುತ್ತಾಳೆ. ಮೂಳೆ ತನ್ನ ಬಲವನ್ನು ಬಹುಮಟ್ಟಿಗೆ ಕೂಡಿಟ್ಟುಕೊಳ್ಳುವುದು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ; ಮುಂದೆ ಜೀವನವೆಲ್ಲ ಆ ಗಂಟಿನಿಂದಲೇ ಖರ್ಚು. ನಮ್ಮ ಹೊಲದ ರಾಗಿಯ ೧೦೦ ಗ್ರಾಂನಲ್ಲಿ ೩೦೦ ಮಿಲಿಗ್ರಾಂಗೂ ಮಿಕ್ಕು ಸುಣ್ಣದ ಅಂಶವಿದೆ; ಬೇರೆ ಯಾವ ಸಾಮಾನ್ಯ ಧಾನ್ಯದಲ್ಲಿಯೂ ಇಷ್ಟಿಲ್ಲ. ರಾಗಿಯನ್ನು ಬಡವರ ಊಟವೆಂದು ಬದಿಗೆ ಸರಿಸಿ, ಬಿಸಿಲಿನ ಆಟವನ್ನು ಹೊತ್ತು ಕಳೆಯುವುದೆಂದು ನಿಲ್ಲಿಸಿ, ಮಕ್ಕಳನ್ನು ಕೋಣೆಯೊಳಗೆ ಕೂಡಿಸುವ ಮನೆ ಆ ಗಂಟಿಗೆ ಕನ್ನ ಹಾಕುತ್ತಿದೆ.

ಈ ಮಾತುಗಳಿಗೆ ಆಕ್ಷೇಪಗಳಿಲ್ಲದೆ ಇಲ್ಲ. "ಏನು ಮಾಡಿದರೂ ಸಾವು ತಪ್ಪೀತೇ?" ಎಂದು ಕೇಳುವವರುಂಟು. ತಪ್ಪದು. ರೋಗವನ್ನು ತಡೆಯುವವರು ಸಾವನ್ನು ತಡೆಯುತ್ತೇವೆಂದು ಹೇಳುತ್ತಿಲ್ಲ. ಸಾವಿಗೆ ಮುಂಚಿನ ದಿನಗಳನ್ನು ಕುರಿತು ಹೇಳುತ್ತಿದ್ದಾರೆ. ನಮ್ಮ ತಾಯಿಯವರು ಎಷ್ಟು ವರ್ಷ ಬದುಕುತ್ತಿದ್ದರೋ ನಾನರಿಯೆ. ಆದರೆ ಆ ಹನ್ನೊಂದು ತಿಂಗಳು ಅವರು ತಾವೇ ಎದ್ದು ಬಚ್ಚಲಿಗೆ ಹೋಗಬಹುದಾಗಿತ್ತು, ಕಂಬಕ್ಕೆ ಒರಗಿ ಓದಬಹುದಾಗಿತ್ತು. ಅಷ್ಟು ಸಣ್ಣದು ಅಷ್ಟು ದೊಡ್ಡದು.

ನಿಯಮವಾಗಿ ಬಾಳಿದವರಿಗೂ ರೋಗ ಬರುತ್ತದೆ, ಯಾವ ನಿಯಮವೂ ಇಲ್ಲದವರು ತೊಂಬತ್ತು ಕಾಣುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿಯೂ ಸತ್ಯವಿದೆ. ಅದೃಷ್ಟಕ್ಕೆ ಪಾಲುಂಟು, ವಂಶದ ಗುಣಕ್ಕೂ ಪಾಲುಂಟು. ಬೆಳಕಿಲ್ಲದ ಬಂಡಿಗಳೆಲ್ಲ ರಾತ್ರಿಯಲ್ಲಿ ಉರುಳುವುದಿಲ್ಲ. ಹಾಗೆಂದು ಯಾರೂ ದೀಪವನ್ನು ಆರಿಸಿ ಬಂಡಿ ಹೊಡೆಯುವುದಿಲ್ಲ. ಈ ಕಾರಣದಿಂದಲೇ ಕಾಯಿಲೆ ಬಿದ್ದವರನ್ನು ಕಂಡು "ನೀವೇ ತಂದುಕೊಂಡದ್ದು" ಎಂದು ಹೇಳುವ ಅಧಿಕಾರವೂ ನಮಗಿಲ್ಲ. ತಡೆಯುವ ವಿವೇಕ ಬೇಕು. ತಡೆಯಲಾಗದವರನ್ನು ಹಳಿಯುವ ಅವಿವೇಕ ಬೇಡ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವ ನನ್ನಂಥ ನಿವೃತ್ತರನ್ನು ನೋಡಿ, ಇದೆಲ್ಲ ಪಿಂಚಣಿ ಬರುವವರ ಮಾತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ದೇವರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಅರವತ್ತೈದರ ಮುದುಕನಿಗೆ "ದಿನವೂ ನಡೆಯಿರಿ" ಎಂದು ಉಪದೇಶ ಮಾಡಲು ಯಾವ ಬಾಯಿ ಇದೆ? ಸೌದೆಯ ಹೊಗೆಯಲ್ಲಿ ನಲವತ್ತು ವರ್ಷ ಬೇಯಿಸಿದ ಅಜ್ಜಿಗೆ ಶುದ್ಧ ಗಾಳಿಯ ಮಹಿಮೆಯನ್ನು ಹೇಳಿ ಫಲವೇನು? ಅವರಿಗೆ ಬೇಕಾದದ್ದು ಕೂಲಿ ಕಳೆದುಕೊಳ್ಳದೆ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವ ಅನುಕೂಲ, ತಪ್ಪದೆ ಸಿಗುವ ಮಾತ್ರೆ, ಹೊಗೆಯಿಲ್ಲದ ಒಲೆ, ಕಣ್ಣಿನ ಕನ್ನಡಕ, ಹೊಟ್ಟೆಗೆ ಕಾಳು ಬೇಳೆ. ಆದುದರಿಂದ ರೋಗವನ್ನು ತಡೆಯುವುದು ವ್ಯಕ್ತಿಯ ಶಿಸ್ತಿನಿಂದ ಮಾತ್ರ ಆಗುವ ಕಾರ್ಯವಲ್ಲ. ಅದು ಸಮಾಜದ ಹೊಣೆ. ಕೇಂದ್ರ ಸರ್ಕಾರವು ೨೦೧೦ರಲ್ಲಿ ವೃದ್ಧರ ಆರೋಗ್ಯಪಾಲನೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯಬೇಕೆಂಬ ವ್ಯವಸ್ಥೆಯೂ ಇದೆ. ವ್ಯವಸ್ಥೆಯಿದ್ದರೆ ಸಾಲದು, ಅದು ಮುದುಕನ ಮನೆಯ ಬಾಗಿಲನ್ನು ಮುಟ್ಟಬೇಕು. ನಗರದ ಕಾಲುದಾರಿಗಳು ವಾಹನ ನಿಲ್ಲಿಸುವ ಜಾಗಗಳಾದರೆ ವೃದ್ಧರು ಎಲ್ಲಿ ನಡೆಯಬೇಕು? ಕಲ್ಲು ಕಿತ್ತುಹೋದ ಹಾದಿಯೂ ಉರಿಯದ ಬೀದಿದೀಪವೂ ಎಷ್ಟು ಮೂಳೆಗಳನ್ನು ಮುರಿದಿವೆಯೋ ಲೆಕ್ಕವಿಟ್ಟವರಿಲ್ಲ.

ಇದಕ್ಕೆಲ್ಲ ವೆಚ್ಚ ಮಾಡುವುದರಿಂದ ಏನು ಲಾಭವೆಂದು ಕೇಳಬಹುದು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಮೂವತ್ತೆರಡರ ಸುಮಾರು ಇತ್ತು. ಈಗ ಅದು ಎಪ್ಪತ್ತರ ಸುಮಾರಿಗೆ ಬಂದಿದೆ. ೨೦೧೧ರ ಜನಗಣತಿಯಲ್ಲಿಯೇ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಆಯುಸ್ಸನ್ನು ಗಳಿಸಿಕೊಂಡ ನಾವು ಆ ಆಯುಸ್ಸಿನಲ್ಲಿ ಏನನ್ನು ತುಂಬುತ್ತೇವೆಂಬುದೇ ಮುಂದಿನ ಪ್ರಶ್ನೆ. ಒಬ್ಬರು ಹಾಸಿಗೆ ಹಿಡಿದರೆ ಇಡೀ ಮನೆ ಆ ಹಾಸಿಗೆಯ ಸುತ್ತ ನಿಲ್ಲುತ್ತದೆ. ಮಗ ಸಾಲ ಮಾಡುತ್ತಾನೆ. ಸೊಸೆ ಕೆಲಸ ಬಿಡುತ್ತಾಳೆ. ಕೆಲವು ಮನೆಗಳಲ್ಲಿ ಅಜ್ಜಿಯನ್ನು ನೋಡಿಕೊಳ್ಳಲೆಂದು ಮೊಮ್ಮಗಳು ಶಾಲೆ ಬಿಡುತ್ತಾಳೆ. ನನ್ನ ತರಗತಿಯಲ್ಲಿಯೇ ಅಂಥ ಹುಡುಗಿಯರ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದ್ದೇನೆ. ಸಕಾಲದಲ್ಲಿ ಕೊಟ್ಟ ಮಾತ್ರೆಯೊಂದು ಒಂದು ಹುಡುಗಿಯ ವಿದ್ಯೆಯನ್ನು ಉಳಿಸಬಲ್ಲದು ಎಂಬುದು ಉತ್ಪ್ರೇಕ್ಷೆಯಲ್ಲ.

ಇನ್ನು, ಆರೋಗ್ಯವಿರುವ ಮುಪ್ಪು ನಾಡಿಗೆ ಏನನ್ನು ಕೊಡಬಲ್ಲದೆಂಬುದಕ್ಕೆ ನಿದರ್ಶನ ಬೇಕಾದರೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಅ. ನ. ಮೂರ್ತಿರಾಯರನ್ನು ನೆನೆಯಬಹುದು. ೧೯೦೦ರಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು ೨೦೦೩ರಲ್ಲಿ. ಕನ್ನಡಿಗರನ್ನು ಬಹಳವಾಗಿ ಚರ್ಚೆಗೆ ಎಳೆದ ಅವರ 'ದೇವರು' ಎಂಬ ಕೃತಿ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು. ತೊಂಬತ್ತರಲ್ಲಿ ಎಲ್ಲರೂ ಪುಸ್ತಕ ಬರೆಯಬೇಕಾಗಿಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿ, ಯಾವ ಹೊಲಕ್ಕೆ ಯಾವ ಮಳೆಯಲ್ಲಿ ಬಿತ್ತಬೇಕೆಂದು ಹೇಳುವ ಅಜ್ಜ, ಮಗ್ಗದ ಎಳೆಯನ್ನು ಮುಟ್ಟಿ ದೋಷವನ್ನು ತಿಳಿಸುವ ಹಿರಿಯ ನೇಕಾರ ಇವರೂ ನಾಡಿನ ಗ್ರಂಥಗಳೇ. ಕಿವಿ, ಕಣ್ಣು, ನೆನಪು ಉಳಿದರೆ ಆ ಗ್ರಂಥಗಳನ್ನು ನಾವು ಇನ್ನಷ್ಟು ಕಾಲ ಓದಬಹುದು.

ಈ ಪಾಠವನ್ನು ಓದುತ್ತಿರುವ ನಿಮಗೆ ಹದಿನೈದೋ ಹದಿನಾರೋ ವಯಸ್ಸು. ಮುಪ್ಪು ನಿಮಗೆ ಬಹಳ ದೂರದ ಊರು. ಆದರೆ ಆ ಊರಿಗೆ ಬುತ್ತಿ ಕಟ್ಟುವ ಕಾಲ ಇದೇ. ಬೆಲ್ಲು ಹೊಡೆದ ಮೇಲೆ ಮೈದಾನಕ್ಕೆ ಓಡುವಾಗ, ತಟ್ಟೆಯಲ್ಲಿ ಸೊಪ್ಪನ್ನು ಬಿಡದೆ ಉಣ್ಣುವಾಗ, ಗೆಳೆಯ ನೀಡಿದ ಬೀಡಿಯನ್ನು ಬೇಡವೆನ್ನುವಾಗ ನೀವು ನಿಮ್ಮ ಎಪ್ಪತ್ತನೆಯ ವರ್ಷಕ್ಕೆ ಉಪಕಾರ ಮಾಡುತ್ತಿರುವಿರಿ. ಅದಕ್ಕಿಂತ ಮೊದಲು ಮಾಡಬಹುದಾದ ಕೆಲಸವೊಂದಿದೆ. ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಅಜ್ಜಿಯ ಬಳಿ ಕುಳಿತು, ಈ ಪುಸ್ತಕದ ಒಂದು ಪುಟವನ್ನು ಓದಿ ಹೇಳುವಂತೆ ಕೇಳಿರಿ. ಅವರಿಗೆ ಓದು ಬಾರದಿದ್ದರೆ ಒಂದು ಹಿಡಿ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೊಡಿ. ಅವರು ಅಕ್ಕಿಯನ್ನು ಕಣ್ಣಿನಿಂದ ಆರಿಸುತ್ತಾರೆಯೋ ಬೆರಳಿನಿಂದ ಆರಿಸುತ್ತಾರೆಯೋ ನೋಡಿರಿ. ಬೆರಳಿನಿಂದಾದರೆ, ದಯವಿಟ್ಟು "ವಯಸ್ಸಾಯಿತು" ಎನ್ನಬೇಡಿ. ನಿಮ್ಮ ತಂದೆತಾಯಿಯರಿಗೆ ಹೇಳಿ, ಮರುದಿನವೇ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.